ಕಾಡು ಸುಳ್ಳು, ಈಜು ನಿಜ: ಹಳೇ ಜಂಗಲ್ ಪಿಕ್ಚರ್‌ಗಳ ಸೆಳೆತ ಎಲ್ಲಿದೆ?

ಪ್ರಶ್ನೆ: ನನಗೆ ಐವತ್ತೆಂಟು ವರ್ಷ. ಕೆಲವು ತಿಂಗಳಿಂದ ರಾತ್ರಿ ಊಟ ಆದಮೇಲೆ 1950ರ ಆಸುಪಾಸಿನ ಕಪ್ಪು ಬಿಳುಪು ಜಂಗಲ್ ಪಿಕ್ಚರ್‌ಗಳನ್ನು ನೋಡುವುದು ಅಭ್ಯಾಸವಾಗಿದೆ. ಜಂಗಲ್ ಜಿಮ್, ಬೊಂಬಾ, ಈ ಥರದವು. ಗೊರಿಲ್ಲಾ ಅಂದರೆ ವೇಷ ಹಾಕಿದ ಮನುಷ್ಯ ಅಂತ ಎದ್ದು ಕಾಣುತ್ತದೆ. ಒಂದು ಪಿಕ್ಚರ್‌ನಲ್ಲಿ ನೋಡಿದ ಸಿಂಹ ಇನ್ನೊಂದರಲ್ಲೂ ಬರುತ್ತದೆ. ಮಗ ನೋಡಿ ನಗುತ್ತಾನೆ. ಆದರೂ ಬಿಡೋಕೆ ಆಗುತ್ತಿಲ್ಲ. ಇವುಗಳಲ್ಲಿ ನಿಜವಾಗಿ ಏನಾದರೂ ಇದೆಯಾ, ಅಥವಾ ಬರೀ ಹಳೇ ನೆನಪಿನ ಮೋಹವಾ? ಆಫ್ರಿಕಾದ ಜನರನ್ನು ತೋರಿಸಿರುವ ರೀತಿ ನೋಡಿದರೆ ಮುಜುಗರವೂ ಆಗುತ್ತದೆ. ಇಷ್ಟಪಡುವುದು ತಪ್ಪಾ?

ಉತ್ತರ: ಇದೆ. ಖಂಡಿತ ಇದೆ. ನಾನು ಮೂವತ್ತು ವರ್ಷ ಎಡಿಟಿಂಗ್ ಟೇಬಲ್ ಮುಂದೆ ಕೂತವನು. ಈ ಪಿಕ್ಚರ್‌ಗಳನ್ನು ಎಷ್ಟು ಸಲ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ ನೋಡಿದ್ದೀನೋ ಲೆಕ್ಕವಿಲ್ಲ. ನೋಡಿದಷ್ಟೂ ಗೌರವ ಹೆಚ್ಚಾಗಿದೆ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು.

ಮೊದಲು ಇವು ಹೇಗೆ ಹುಟ್ಟಿದವು ಅನ್ನುವುದು ಗೊತ್ತಿರಲಿ. ಆಗ ಅಮೆರಿಕದ ಥಿಯೇಟರ್‌ಗಳಲ್ಲಿ ಒಂದೇ ಟಿಕೆಟ್‌ಗೆ ಎರಡು ಪಿಕ್ಚರ್ ತೋರಿಸುತ್ತಿದ್ದರು. ದೊಡ್ಡ ಪಿಕ್ಚರ್‌ನ ಕಲೆಕ್ಷನ್‌ನಲ್ಲಿ ಇಷ್ಟು ಪಾಲು ಅಂತ ಕಂಪನಿಗೆ ಹೋಗುತ್ತಿತ್ತು. ಎರಡನೆಯದಕ್ಕೆ ಹಾಗಲ್ಲ, ನಿಗದಿಯಾದ ಬಾಡಿಗೆ ಅಷ್ಟೇ. ಜನ ತುಂಬಿದರೂ ಅಷ್ಟೇ, ಖಾಲಿ ಇದ್ದರೂ ಅಷ್ಟೇ. ಅಂದರೆ ಎಷ್ಟು ದುಡ್ಡು ಬರುತ್ತದೆ ಅಂತ ನಿರ್ಮಾಪಕನಿಗೆ ಮೊದಲೇ ಗೊತ್ತು. ಲಾಭ ಬೇಕಾದರೆ ಖರ್ಚು ಕಡಿಮೆ ಮಾಡಬೇಕು. ಬೇರೆ ದಾರಿಯೇ ಇಲ್ಲ. ಈ ಲೆಕ್ಕವನ್ನು ಸ್ಯಾಮ್ ಕಾಟ್ಸ್‌ಮನ್‌ಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡವರು ಕಡಿಮೆ. ಕೊಲಂಬಿಯಾ ಕಂಪನಿಗೆ 1948ರಿಂದ 1955ರವರೆಗೆ ಅವರು ಹದಿನಾರು ಜಂಗಲ್ ಪಿಕ್ಚರ್ ಮಾಡಿಕೊಟ್ಟರು. ಎಲ್ಲದಕ್ಕೂ ನಾಯಕ ಒಬ್ಬರೇ, ಜಾನಿ ವೈಸ್‌ಮುಲ್ಲರ್. ಒಂದೊಂದು ಪಿಕ್ಚರ್ ಸುಮಾರು ಒಂದು ಗಂಟೆ ಹತ್ತು ನಿಮಿಷ. ಇದೇ ಜಂಗಲ್ ಜಿಮ್ ಸರಣಿ. ಅಲೆಕ್ಸ್ ರೇಮಂಡ್ 1934ರಲ್ಲಿ ಪತ್ರಿಕೆಗಳಿಗೆ ಬರೆಯಲು ಶುರು ಮಾಡಿದ ಕಾಮಿಕ್ಸ್‌ನಿಂದ ಬಂದದ್ದು. ಅದರ ಹೆಸರು ಆಗಲೇ ಜನರ ಬಾಯಲ್ಲಿತ್ತು.

ಈಗ ಆ ಕಾಡು ಎಲ್ಲಿತ್ತು ನೋಡಿ. ಲಾಸ್ ಏಂಜಲೀಸ್ ಪಕ್ಕದ ಆರ್ಕೇಡಿಯಾ ಊರಿನಲ್ಲಿ ಒಂದು ದೊಡ್ಡ ಎಸ್ಟೇಟ್ ಇತ್ತು. ಕೆರೆ, ಕೆರೆ ಸುತ್ತ ಎತ್ತರದ ತಾಳೆ ಮರಗಳು. ಮುಂದೆ ಅದೇ ಸರ್ಕಾರದ ಸಸ್ಯೋದ್ಯಾನವಾಯಿತು. ಟಾರ್ಜಾನ್, ಜಂಗಲ್ ಜಿಮ್, ಬೊಂಬಾ ಎಲ್ಲರೂ ಓಡಾಡಿದ್ದು ಅಲ್ಲೇ. ನಾವು ಲಾಲ್‌ಬಾಗ್ ಕೆರೆ ಏರಿ ಮೇಲೆ ಕ್ಯಾಮೆರಾ ಇಟ್ಟು ಆಫ್ರಿಕಾ ತೋರಿಸಿದ ಹಾಗೆ. ಸಿಮಿ ಕಣಿವೆಯಲ್ಲಿ ಕೋರಿಗನ್‌ವಿಲ್ ಅಂತ ಇನ್ನೊಂದು ಜಾಗ. ಅದರ ಮಾಲೀಕ ರೇ ಕೋರಿಗನ್ ಕೌಬಾಯ್ ಪಾತ್ರಗಳ ನಟ. ಗೊರಿಲ್ಲಾ ಚರ್ಮದೊಳಗೆ ಹೊಕ್ಕು ಕುಣಿದವರಲ್ಲಿ ಅವರೂ ಒಬ್ಬರು.

ಇನ್ನು ಆನೆ. ಪಳಗಿದ ಆಫ್ರಿಕನ್ ಆನೆಗಳು ಹಾಲಿವುಡ್‌ನಲ್ಲಿ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ನಮ್ಮ ಕಡೆಯ ಆನೆಗಳು. ಹಾಗಾಗಿ ಎಂಜಿಎಂನ ಟಾರ್ಜಾನ್ ಪಿಕ್ಚರ್‌ಗಳಿಗೆ ಅವುಗಳ ಕಿವಿ ಮೇಲೆ ದೊಡ್ಡ ಕೃತಕ ಕಿವಿ ಅಂಟಿಸಿದರು. ಕಾಡಿನ ಸದ್ದಿನ ಕತೆಯೂ ಹೀಗೇ. ಯಾವ ಜಂಗಲ್ ಪಿಕ್ಚರ್ ನೋಡಿದರೂ ದೂರದಲ್ಲಿ ಯಾರೋ ಕಿಲಕಿಲ ನಕ್ಕ ಹಾಗೆ ಒಂದು ಕೂಗು ಕೇಳಿಸುತ್ತದೆ ಅಲ್ವಾ? ಅದು ಕೂಕಬುರ್ರಾ. ನಮ್ಮ ಮಿಂಚುಳ್ಳಿಯ ಬಳಗದ್ದು, ಆದರೆ ಆಸ್ಟ್ರೇಲಿಯಾದ ಹಕ್ಕಿ. ಕ್ಯಾಲಿಫೋರ್ನಿಯಾದ ಕೆರೆ, ಭಾರತದ ಆನೆ, ಆಸ್ಟ್ರೇಲಿಯಾದ ಹಕ್ಕಿ. ಮೂರನ್ನೂ ಸೇರಿಸಿ ಆಫ್ರಿಕಾ ಅಂದರು. ಜನ ನಂಬಿದರು. ನೀವೂ ರಾತ್ರಿ ಊಟ ಆದಮೇಲೆ ನಂಬುತ್ತಿದ್ದೀರಿ.

ಈ ನಂಬಿಕೆ ಹೇಗೆ ಹುಟ್ಟುತ್ತದೆ? ನನ್ನ ಕಸುಬಿನದೇ ಒಂದು ಉದಾಹರಣೆ ಕೊಡುತ್ತೇನೆ. ಒಂದು ಸಲ ನಾವು ಮಾಡುತ್ತಿದ್ದ ಚಿತ್ರಕ್ಕೆ ಚಿರತೆ ಬೇಕಿತ್ತು. ತರಿಸುವಷ್ಟು ದುಡ್ಡಿರಲಿಲ್ಲ. ಎಲ್ಲೋ ಹುಡುಕಿ ಹಳೇ ಸಾಕ್ಷ್ಯಚಿತ್ರದಿಂದ ನಾಲ್ಕು ಸೆಕೆಂಡಿನ ಸ್ಟಾಕ್ ಶಾಟ್ ತಂದೆವು. ನಾಲ್ಕು ಸೆಕೆಂಡು ಅಂದರೆ 96 ಫ್ರೇಮು, ಫಿಲ್ಮಿನಲ್ಲಿ ಬರೀ ಆರು ಅಡಿ. ಚಿರತೆ ನೋಡುತ್ತಿದ್ದದ್ದು ಎಡಕ್ಕೆ. ನಮ್ಮ ನಾಯಕಿ ನೋಡಿದ್ದೂ ಎಡಕ್ಕೇ. ಇಬ್ಬರೂ ಒಂದೇ ಕಡೆ ನೋಡಿದರೆ ಎದುರುಬದುರು ನಿಂತ ಹಾಗೆ ಅನ್ನಿಸುವುದಿಲ್ಲ. ಚಿರತೆಯ ತುಣುಕನ್ನು ಲ್ಯಾಬಿನಲ್ಲಿ ಮಗುಚಿ ಪ್ರಿಂಟ್ ಹಾಕಿಸಿದೆವು. ಈಗ ನೋಟ ಸೇರಿತು. ಆದರೂ ಎರಡು ಶಾಟ್ ಒಂದಕ್ಕೊಂದು ಅಂಟಲಿಲ್ಲ. ಒಂದರಲ್ಲಿ ಬೆಳಗಿನ ಬಿಸಿಲು, ಇನ್ನೊಂದರಲ್ಲಿ ಮಧ್ಯಾಹ್ನದ ಬಿಸಿಲು. ಕೊನೆಗೆ ಸ್ಟುಡಿಯೋ ಹಿಂದಿನ ಗಿಡದ ಒಂದು ರೆಂಬೆ ಅಲುಗಾಡಿಸಿ ಅದನ್ನೇ ಶೂಟ್ ಮಾಡಿಕೊಂಡು ಬಂದೆವು. ನಾಯಕಿ ತಿರುಗುತ್ತಾಳೆ, ರೆಂಬೆ ಅಲುಗುತ್ತದೆ, ಚಿರತೆ. ಥಿಯೇಟರ್‌ನಲ್ಲಿ ಹಿಂದೆ ನಿಂತು ನೋಡಿದೆ. ರೆಂಬೆ ಅಲುಗಿದಾಗಲೇ ಜನ ಉಸಿರು ಬಿಗಿ ಹಿಡಿದರು. ಚಿರತೆ ಬರುವ ಮೊದಲೇ!

ಆ ರೆಂಬೆಯ ಕೆಲಸವನ್ನು ಕಾಟ್ಸ್‌ಮನ್ ಪಿಕ್ಚರ್‌ಗಳಲ್ಲಿ ಸಾಲುಸಾಲಾಗಿ ನೋಡಬಹುದು. ವೈಸ್‌ಮುಲ್ಲರ್ ತಟ್ಟನೆ ನಿಲ್ಲುತ್ತಾರೆ, ಕೈ ಎತ್ತಿ ಹಿಂದಿನವರನ್ನು ತಡೆಯುತ್ತಾರೆ, ಪೊದೆ ಸರಿಸಿ ನೋಡುತ್ತಾರೆ. ಕಟ್. ಹತ್ತಿಪ್ಪತ್ತು ವರ್ಷ ಹಳೆಯ, ಬೇರೆ ಯಾರೋ ಬೇರೆ ಯಾವುದಕ್ಕೋ ತೆಗೆದ ಸಿಂಹಗಳ ಹಿಂಡು. ನಕಲಿನ ನಕಲು ಮಾಡಿ ಮಾಡಿ ಅದರ ಬಿಳುಪು ಸುಟ್ಟುಹೋಗಿರುತ್ತದೆ, ಕಾಳು ಕಾಳಾಗಿ ಕಾಣುತ್ತದೆ. ಮೂಕಿ ಕಾಲದ ತುಣುಕಾದರೆ ಪ್ರಾಣಿಗಳು ಸ್ವಲ್ಪ ಬಿರುಸಾಗಿ ಓಡುತ್ತವೆ. ಆಗ ಸೆಕೆಂಡಿಗೆ ಕಡಿಮೆ ಫ್ರೇಮ್ ತೆಗೆಯುತ್ತಿದ್ದರು, ಈಗ 24ರಲ್ಲಿ ಓಡಿಸಿದ್ದಾರೆ, ಅದಕ್ಕೇ. ಇಷ್ಟೆಲ್ಲ ವ್ಯತ್ಯಾಸ ಕಣ್ಣಿಗೆ ಕಂಡರೂ ಮನಸ್ಸು ಎರಡನ್ನೂ ಹೊಲಿದುಬಿಡುತ್ತದೆ. ಕಪ್ಪು ಬಿಳುಪು ಅದಕ್ಕೆ ತುಂಬ ಸಹಾಯ ಮಾಡುತ್ತದೆ. ಬಣ್ಣ ಇದ್ದಿದ್ದರೆ ಕ್ಯಾಲಿಫೋರ್ನಿಯಾದ ಒಣ ಹಸಿರು ಬೇರೆ, ಆಫ್ರಿಕಾದ ಹುಲ್ಲುಗಾವಲು ಬೇರೆ ಅಂತ ಮೊದಲ ಕಟ್‌ಗೇ ಸಿಕ್ಕಿಬೀಳುತ್ತಿತ್ತು. ಬೂದು ಬಣ್ಣದಲ್ಲಿ ಎರಡೂ ಒಂದೇ ಕಾಡು.

ನಿಮ್ಮ ಸೆಳೆತದ ಒಂದು ಪಾಲು ಇದೇ ಅಂತ ನನಗೆ ಅನ್ನಿಸುತ್ತದೆ. ಈಗಿನ ಪಿಕ್ಚರ್‌ಗಳು ಕಾಡನ್ನು ಒಂದೊಂದು ಎಲೆ ಸಮೇತ ಮಾಡಿಕೊಡುತ್ತವೆ. ನಮಗೆ ಕೆಲಸವೇ ಇಲ್ಲ. ಇವು ಅರ್ಧ ಕೊಟ್ಟು ಬಿಡುತ್ತವೆ. ಉಳಿದರ್ಧ ನೀವು ಕಟ್ಟುತ್ತೀರಿ. ಚಿಕ್ಕವರಿದ್ದಾಗ ಬಾಳೆ ದಿಂಡನ್ನು ಕುದುರೆ ಮಾಡಿ ಓಡಿಸಿದ್ದೀವಲ್ಲ, ಅದೇ ಸುಖ. ಅದನ್ನು ನೆನಪಿನ ಮೋಹ ಅಂತ ಸುಮ್ನೆ ತಳ್ಳಿಹಾಕಬೇಡಿ.

ಇನ್ನೊಂದು ಪಾಲು ಇದಕ್ಕಿಂತ ದೊಡ್ಡದು. ವೈಸ್‌ಮುಲ್ಲರ್ ಅವರ ಮೈ. ಅವರು 1924ರ ಪ್ಯಾರಿಸ್ ಮತ್ತು 1928ರ ಆಮ್ಸ್ಟರ್‌ಡ್ಯಾಂ ಒಲಿಂಪಿಕ್ಸ್‌ನಲ್ಲಿ ಒಟ್ಟು ಐದು ಚಿನ್ನ ಗೆದ್ದವರು. ನೂರು ಮೀಟರ್ ಫ್ರೀಸ್ಟೈಲನ್ನು ಒಂದು ನಿಮಿಷದೊಳಗೆ ಈಜಿದ ಮೊದಲ ಮನುಷ್ಯ, 1922ರಲ್ಲಿ. ಹನ್ನೆರಡು ಟಾರ್ಜಾನ್ ಪಿಕ್ಚರ್ ಮುಗಿಸಿ ಜಂಗಲ್ ಜಿಮ್ ಶುರು ಮಾಡಿದಾಗ ಅವರಿಗೆ ನಲವತ್ತನಾಲ್ಕು. ಮೈ ತೂಕ ಬಂದಿತ್ತು. ಟಾರ್ಜಾನ್‌ನ ಲಂಗೋಟಿ ಹೋಗಿ ಸಫಾರಿ ಅಂಗಿ ಬಂತು. ಮಾತು ಹೇಳುವಾಗ ಇವತ್ತಿಗೂ ಒರಟಾಗಿ ಕೇಳಿಸುತ್ತಾರೆ. ಆದರೆ ಯಾವಾಗಲೋ ಒಂದು ಕಡೆ ಅವರು ನೀರಿಗೆ ಇಳಿಯುತ್ತಾರೆ. ಇಳಿದ ಕೂಡಲೇ ಪಿಕ್ಚರ್ ಬದಲಾಗಿಬಿಡುತ್ತದೆ. ತಲೆ ನೀರಿನ ಮೇಲೆ ಎತ್ತಿ ನಿಂತಿರುತ್ತದೆ, ಎದೆ ದೋಣಿಯ ಮೂತಿಯ ಹಾಗೆ ನೀರು ಸೀಳುತ್ತದೆ, ತೋಳು ಒಂದೇ ಲಯದಲ್ಲಿ ಬೀಳುತ್ತದೆ. ಸೆಟ್ ಸುಳ್ಳು, ಮೊಸಳೆ ಸುಳ್ಳು, ಕಾಡು ಸುಳ್ಳು. ಈಜು ಮಾತ್ರ ನಿಜ. ಅದನ್ನು ಯಾರೂ ನಟಿಸೋಕೆ ಆಗುವುದಿಲ್ಲ.

1950ರ 'ಕ್ಯಾಪ್ಟಿವ್ ಗರ್ಲ್' ಹುಡುಕಿ ನೋಡಿ. ಅದರ ಖಳನಾಯಕ ಬಸ್ಟರ್ ಕ್ರ್ಯಾಬ್. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಚಿನ್ನ ಗೆದ್ದವರು, ತಾವೂ ಒಂದು ಸಲ ಟಾರ್ಜಾನ್ ಆದವರು. ಕೊಳದ ತಳದಲ್ಲಿರುವ ನಿಧಿಗಾಗಿ ಕತೆ. ಇಬ್ಬರು ಚಿನ್ನದ ಪದಕದವರು, ಇಬ್ಬರೂ ನಲವತ್ತು ದಾಟಿದವರು, ಒಂದು ಅಗ್ಗದ ಪಿಕ್ಚರ್‌ಗಾಗಿ ನೀರಿಗಿಳಿಯುತ್ತಾರೆ. ಎಷ್ಟು ಕೋಟಿ ಸುರಿದರೂ ಈಗ ಅಂಥದ್ದನ್ನು ತರೋಕೆ ಆಗುತ್ತಾ?

ಸರಣಿಯ ಕೊನೆಯ ಮೂರು ಪಿಕ್ಚರ್‌ಗಳ ಹೊತ್ತಿಗೆ ಜಂಗಲ್ ಜಿಮ್ ಅನ್ನುವ ಹೆಸರಿನ ಹಕ್ಕು ಟಿವಿ ಧಾರಾವಾಹಿಗೆ ಹೋಯಿತು. ಕಾಟ್ಸ್‌ಮನ್ ಏನು ಮಾಡಿದರು ಗೊತ್ತಾ? ಪಾತ್ರದ ಹೆಸರನ್ನೇ ಜಾನಿ ವೈಸ್‌ಮುಲ್ಲರ್ ಅಂತ ಮಾಡಿಬಿಟ್ಟರು. ಅದೇ ಕಾಡು, ಅದೇ ಟೋಪಿ, ಅದೇ ಮನುಷ್ಯ. ಪ್ರೇಕ್ಷಕರಿಗೆ ಏನೂ ವ್ಯತ್ಯಾಸ ಆಗಲಿಲ್ಲ. ಅವರು ನೋಡಲು ಬರುತ್ತಿದ್ದದ್ದೇ ಆ ಮನುಷ್ಯನನ್ನು.

ಕತೆಗಳನ್ನೂ ಹಗುರವಾಗಿ ನೋಡಬೇಡಿ. 1948ರ ಮೊದಲ ಜಂಗಲ್ ಜಿಮ್‌ನಲ್ಲಿ ಒಬ್ಬ ಮಹಿಳಾ ವಿಜ್ಞಾನಿ ಕಾಡಿಗೆ ಬರುತ್ತಾಳೆ. ಹಳೇ ಗುಡಿಯೊಂದರ ವಿಷದಿಂದ ಪೋಲಿಯೊಗೆ ಮದ್ದು ಸಿಗಬಹುದು ಅಂತ. ಆಗ ಅಮೆರಿಕದಲ್ಲಿ ಬೇಸಿಗೆ ಬಂತು ಅಂದರೆ ಅಪ್ಪ ಅಮ್ಮಂದಿರಿಗೆ ಪೋಲಿಯೊ ಭಯ. ಮಕ್ಕಳನ್ನು ಈಜುಕೊಳಕ್ಕೆ ಕಳಿಸೋಕೆ ಹೆದರುತ್ತಿದ್ದರು. ಸಾಲ್ಕ್ ಲಸಿಕೆ ಬಂದದ್ದು 1955ರಲ್ಲಿ. ಶನಿವಾರ ಮಧ್ಯಾಹ್ನ ಆ ಥಿಯೇಟರ್‌ನಲ್ಲಿ ಕೂತ ಮಕ್ಕಳಲ್ಲಿ ಎಷ್ಟೋ ಜನ ಕ್ಲಾಸಿನ ಗೆಳೆಯರ ಕಾಲು ಸೋತದ್ದನ್ನು ಕಂಡವರು. ವೈಸ್‌ಮುಲ್ಲರ್ ಅವರಿಗೇ ಚಿಕ್ಕಂದಿನಲ್ಲಿ ಪೋಲಿಯೊ ಬಂದಿತ್ತು, ಡಾಕ್ಟರ್ ಹೇಳಿದ್ದಕ್ಕೆ ಈಜು ಶುರು ಮಾಡಿದರು ಅಂತ ಅವರ ಜೀವನ ಕಥೆ ಹೇಳುತ್ತದೆ. ಇದನ್ನು ತಿಳಿದು ಆ ಪಿಕ್ಚರ್ ಇನ್ನೊಮ್ಮೆ ನೋಡಿ. ಬೇರೆಯೇ ಕಾಣುತ್ತದೆ. 1950ರ 'ಮಾರ್ಕ್ ಆಫ್ ದಿ ಗೊರಿಲ್ಲಾ'ದಲ್ಲಿ ನಾಜಿಗಳು ಹೂತಿಟ್ಟ ಚಿನ್ನ ಹುಡುಕುವವರು ಜನರನ್ನು ಹೆದರಿಸೋಕೆ ಗೊರಿಲ್ಲಾ ವೇಷ ಹಾಕಿಕೊಳ್ಳುತ್ತಾರೆ. ಒಂದೇ ಒಂದು ಸಲ ಆ ಚರ್ಮ ಕತೆಯಲ್ಲೂ ವೇಷವೇ! ಮರುವರ್ಷದ 'ಜಂಗಲ್ ಮ್ಯಾನ್‌ಹಂಟ್'ನಲ್ಲಿ ಖಳ ಕೃತಕ ವಜ್ರ ಮಾಡುತ್ತಾನೆ, ಅದರ ವಿಕಿರಣಕ್ಕೆ ಕೂಲಿಗಳು ಸಾಯುತ್ತಾರೆ. ಹಿರೋಶಿಮಾ ನಡೆದು ಆರೇ ವರ್ಷ. ಊರಿನ ಭಯಗಳನ್ನೆಲ್ಲ ಕಾಡಿಗೆ ತಂದು ಹಾಕಿ, ಒಂದು ಗಂಟೆಯಲ್ಲಿ ಬಗೆಹರಿಸಿ ಮಕ್ಕಳನ್ನು ಮನೆಗೆ ಕಳಿಸುತ್ತಿದ್ದವು ಈ ಪಿಕ್ಚರ್‌ಗಳು.

ಬೊಂಬಾ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟಾರ್ಜಾನ್‌ನ ಮಗನಾಗಿ ನಟಿಸುತ್ತಿದ್ದ ಜಾನಿ ಶೆಫೀಲ್ಡ್ ಬೆಳೆದು ದೊಡ್ಡವರಾದ ಮೇಲೆ 1949ರಿಂದ 1955ರವರೆಗೆ ಹನ್ನೆರಡು ಬೊಂಬಾ ಪಿಕ್ಚರ್ ಮಾಡಿದರು. 1930ರ 'ಆಫ್ರಿಕಾ ಸ್ಪೀಕ್ಸ್' ಅನ್ನುವ ಪ್ರವಾಸ ಚಿತ್ರದ ತುಣುಕುಗಳೇ ಅವುಗಳ ಬಂಡವಾಳ. ನೀವು ಮತ್ತೆ ಮತ್ತೆ ನೋಡಿದ ಸಿಂಹ ಅಲ್ಲಿಂದಲೇ ಬಂದಿರಬಹುದು.

ನಮ್ಮ ದಕ್ಷಿಣಕ್ಕೂ ಈ ಕತೆ ಬಂದು ಸೇರುತ್ತದೆ. ಮೊದಲ ಜಂಗಲ್ ಜಿಮ್‌ನ ನಿರ್ದೇಶಕ ವಿಲಿಯಂ ಬರ್ಕ್ ಮುಂದೆ ಭಾರತಕ್ಕೇ ಬಂದು, ಸೇಲಂನ ಮಾಡರ್ನ್ ಥಿಯೇಟರ್ಸ್ ಜೊತೆ ಸೇರಿ 1952ರಲ್ಲಿ 'ದಿ ಜಂಗಲ್' ತೆಗೆದರು. ತಮಿಳಿನಲ್ಲಿ ಅದು 'ಕಾಡು'. ಕತೆಯಲ್ಲಿ ಕೂದಲು ತುಂಬಿದ ಮ್ಯಾಮತ್‌ಗಳು ಬರುತ್ತವೆ. ನಮ್ಮ ಆನೆಗಳ ಮೈಗೇ ಕೂದಲಿನ ಹೊದಿಕೆ ಹೊದಿಸಿದ್ದರು. ಅತ್ತ ಬೊಂಬಾಯಿಯಲ್ಲಿ ಹೋಮಿ ವಾಡಿಯಾ 1937ರಲ್ಲೇ 'ತೂಫಾನಿ ಟಾರ್ಜಾನ್' ಮಾಡಿದ್ದರು, 1958ರಲ್ಲಿ 'ಜಿಂಬೋ' ಮಾಡಿದರು. ಜಿಂಬೋ ನಾನು ನೋಡಿದ್ದು ಟೆಂಟ್‌ನಲ್ಲಿ, ನೆಲದ ಟಿಕೆಟ್, ಮರಳು ಗುಡ್ಡೆ ಮಾಡಿಕೊಂಡು ಕೂತು. ಗಾಳಿ ಬಂದು ಪರದೆ ಉಬ್ಬಿದಾಗ ಕಾಡೂ ಉಬ್ಬುತ್ತಿತ್ತು. ಹಿಂದಿ ಒಂದು ಮಾತೂ ತಿಳಿಯಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆದರೆ ಇಡೀ ಈ ಲೋಕದಲ್ಲಿ ನನ್ನ ಮನಸ್ಸಿಗೆ ತೀರ ಹತ್ತಿರದವನು ಒಬ್ಬ ಹುಡುಗ. ಸಾಬು. ಹುಟ್ಟಿದ್ದು 1924ರಲ್ಲಿ, ನಮ್ಮ ಎಚ್.ಡಿ. ಕೋಟೆ ಕಡೆಯ ಕಾರಾಪುರದಲ್ಲಿ. ಅಪ್ಪ ಮೈಸೂರು ಮಹಾರಾಜರ ಆನೆ ಮಾವುತ. ರಾಬರ್ಟ್ ಫ್ಲಾಹರ್ಟಿ 'ಎಲಿಫೆಂಟ್ ಬಾಯ್' ತೆಗೆಯಲು ಮೈಸೂರಿಗೆ ಬಂದಾಗ ಆನೆ ಲಾಯದಲ್ಲಿ ಸಿಕ್ಕಿದ ಹುಡುಗ. ಪಿಕ್ಚರ್ 1937ರಲ್ಲಿ ಬಿಡುಗಡೆಯಾಯಿತು, ಹುಡುಗ ಜಗತ್ತಿಗೆಲ್ಲ ಗೊತ್ತಾದ. ಇಂಗ್ಲೆಂಡ್, ಅಲ್ಲಿಂದ ಹಾಲಿವುಡ್. 1942ರಲ್ಲಿ ಮೋಗ್ಲಿ. ಅಮೆರಿಕದ ಪ್ರಜೆಯಾಗಿ ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಗನ್ನರ್ ಆಗಿ ಹೋರಾಡಿ ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ.

ವಾಪಸ್ ಬಂದ ಮೇಲೆ ದೊಡ್ಡ ಪಾತ್ರಗಳು ಕಡಿಮೆಯಾದವು. ಸಿಕ್ಕಿದ್ದು ಬಹುಪಾಲು ಅಗ್ಗದ ಜಂಗಲ್ ಪಿಕ್ಚರ್‌ಗಳು. 1949ರ 'ಸಾಂಗ್ ಆಫ್ ಇಂಡಿಯಾ', 1951ರ 'ಸ್ಯಾವೇಜ್ ಡ್ರಮ್ಸ್', 1956ರ 'ಜಂಗಲ್ ಹೆಲ್'. ಕೊನೆಯದರಲ್ಲಿ ಕಾಡಿನ ಮೇಲೆ ಹಾರುವ ತಟ್ಟೆಯೂ ಬರುತ್ತದೆ. ಕಾಕನಕೋಟೆಯ ಪಕ್ಕ ಆನೆಗಳ ನಡುವೆ ಬೆಳೆದ ಹುಡುಗನನ್ನು ಸ್ಟುಡಿಯೋದ ಕುಂಡದ ಗಿಡಗಳ ನಡುವೆ ನಿಲ್ಲಿಸಿ ಕಾಡಿನವನು ಅಂದರು. 1963ರ ಡಿಸೆಂಬರ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಮೂವತ್ತೊಂಬತ್ತು ವರ್ಷ. ನನಗೆ ಇದು ಇವತ್ತಿಗೂ ನೋವು ಕೊಡುತ್ತದೆ. ಆದರೂ ಆ ಪಿಕ್ಚರ್‌ಗಳಲ್ಲಿ ಅವನು ನಗುವಾಗ, ಪ್ರಾಣಿಯ ಪಕ್ಕ ನಿಂತಾಗ ಸುಳ್ಳು ಕಾಣುವುದಿಲ್ಲ. ವೈಸ್‌ಮುಲ್ಲರ್‌ಗೆ ನೀರು ಹೇಗೋ ಇವನಿಗೆ ಆನೆ ಹಾಗೆ.

ಈಗ ನಿಮ್ಮ ಮುಜುಗರಕ್ಕೆ ಬರುತ್ತೇನೆ. ಅದು ಸರಿಯಾದ ಮುಜುಗರ. ಇಟ್ಟುಕೊಳ್ಳಿ. ಈ ಪಿಕ್ಚರ್‌ಗಳಲ್ಲಿ ಆಫ್ರಿಕಾದ ಜನ ಅಂದರೆ ಸಾಮಾನು ಹೊರುವವರು, ಇಲ್ಲವೇ ಈಟಿ ಹಿಡಿದು ಕುಣಿಯುವವರು. ಬಿಳಿ ನಾಯಕ ಬರುವವರೆಗೆ ತಮ್ಮ ಕಾಡೇ ಅವರಿಗೆ ಗೊತ್ತಿಲ್ಲ ಅನ್ನುವ ಹಾಗೆ. ಅದೇ ವರ್ಷಗಳಲ್ಲಿ ನಿಜವಾದ ಆಫ್ರಿಕಾದಲ್ಲಿ ಸ್ವಾತಂತ್ರ್ಯದ ಹೋರಾಟ ನಡೆಯುತ್ತಿತ್ತು. 1957ರಲ್ಲಿ ಘಾನಾ ಸ್ವತಂತ್ರವಾಯಿತು. ಪಿಕ್ಚರ್‌ಗಳಲ್ಲಿ ಅದರ ಸುಳಿವೇ ಇಲ್ಲ. ಪ್ರಾಣಿಗಳನ್ನು ನಡೆಸಿಕೊಂಡ ರೀತಿಯೂ ಹಾಗೇ. ಚಿಂಪಾಂಜಿಗೆ ಬಟ್ಟೆ ತೊಡಿಸಿ ನಗಿಸುವ ದೃಶ್ಯ ಬಂದರೆ ನಾನು ಈಗ ನಗುವುದಿಲ್ಲ. ಮರಿಯಾಗಿದ್ದಾಗಲೇ ತಾಯಿಯಿಂದ ಕಿತ್ತು ತಂದು ಕಲಿಸಿದ ಆಟ ಅದು.

ಆದರೆ ಮುಜುಗರ ಆಯಿತು ಅಂತ ಕಣ್ಣು ಮುಚ್ಚಿದರೆ ಕೆಲವರನ್ನು ಕಳೆದುಕೊಳ್ಳುತ್ತೇವೆ. 1951ರ ಬೊಂಬಾ ಪಿಕ್ಚರ್ 'ದಿ ಲಯನ್ ಹಂಟರ್ಸ್'ನಲ್ಲಿ ವುಡಿ ಸ್ಟ್ರೋಡ್ ಇದ್ದಾರೆ. ಯುದ್ಧದ ನಂತರ, 1946ರಲ್ಲಿ, ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಿನಲ್ಲಿ ಬಣ್ಣದ ಗೋಡೆ ಒಡೆದ ಕಪ್ಪು ಆಟಗಾರರಲ್ಲಿ ಒಬ್ಬರು. 1960ರ 'ಸ್ಪಾರ್ಟಕಸ್'ನಲ್ಲಿ ನಾಯಕನ ಎದುರು ತ್ರಿಶೂಲ ಹಿಡಿದು ನಿಂತ ಗ್ಲಾಡಿಯೇಟರ್ ಅವರೇ. ಬೊಂಬಾದಲ್ಲಿ ಅವರಿಗೆ ಕೊಟ್ಟದ್ದು ಸಣ್ಣ ಪಾತ್ರ. ಅವರು ನಿಂತ ರೀತಿ ಸಣ್ಣದಲ್ಲ. ಫ್ರೇಮಿನ ಅಂಚಿನಲ್ಲಿ ನಿಂತ ಇಂಥವರನ್ನು ಗುರುತಿಸಿ ನೋಡುವುದು ನಾವು ಮಾಡಬಹುದಾದ ಕೆಲಸ. ಹಾಗೆ ನೋಡುವವರೆಗೆ ಇಷ್ಟಪಡುವುದು ತಪ್ಪಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮಗ ನಗುತ್ತಾನೆ ಅಂದಿರಿ. ನಗಲಿ ಬಿಡಿ. ಗೊರಿಲ್ಲಾ ನೋಡಿ ಆಗಿನ ಮಕ್ಕಳೂ ನಕ್ಕಿರುತ್ತಾರೆ, ನಗುತ್ತಲೇ ಪಕ್ಕದವನ ಕೈ ಹಿಡಿದಿರುತ್ತಾರೆ. ಮುಂದಿನ ಸಲ ಅವನನ್ನು ಪಕ್ಕ ಕೂರಿಸಿಕೊಂಡು ಒಂದು ಆಟ ಆಡಿ. ಯಾವ ಕಟ್‌ನಲ್ಲಿ ಬೇರೆ ಪಿಕ್ಚರ್‌ನ ಫಿಲ್ಮು ಶುರುವಾಯಿತು ಅಂತ ಹೇಳು ಅನ್ನಿ. ನೆರಳು ಯಾವ ಕಡೆ ಬಿದ್ದಿದೆ, ಕಾಳು ಜಾಸ್ತಿಯಾಯಿತಾ, ನೋಟ ಸೇರಿತಾ. ಹತ್ತು ನಿಮಿಷದಲ್ಲಿ ಹಿಡಿಯೋಕೆ ಕಲಿಯುತ್ತಾನೆ. ಇಪ್ಪತ್ತು ನಿಮಿಷಕ್ಕೆ ಕತೆಯೊಳಗೆ ಬಿದ್ದು ಎಣಿಸೋದು ಮರೆಯುತ್ತಾನೆ. ನನ್ನ ಹತ್ತಿರ ಎಡಿಟಿಂಗ್ ಕಲಿಯಲು ಬಂದ ಹುಡುಗರಿಗೂ ಇದೇ ಮೊದಲ ಪಾಠ ಆಗಿತ್ತು.

'ಕ್ಯಾಪ್ಟಿವ್ ಗರ್ಲ್' ಮುಗಿಸಿದ ಮೇಲೆ 'ಎಲಿಫೆಂಟ್ ಬಾಯ್' ಹಾಕಿ. ಅದು ದೊಡ್ಡ ಕಂಪನಿಯ ಪಿಕ್ಚರ್, ಅರ್ಧ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ತೆಗೆದದ್ದು, ಸಂಭಾಷಣೆ ಕೆಲವು ಕಡೆ ಕೃತಕ. ಆದರೆ ಮೈಸೂರಿನ ಭಾಗಗಳಲ್ಲಿ ಆ ಹುಡುಗ ಆನೆಯ ಕತ್ತಿನ ಮೇಲೆ ಕೂತಿದ್ದಾನಲ್ಲ, ಅಲ್ಲಿ ನಿಲ್ಲಿಸಿ. ಮುಖ ಬಿಟ್ಟು ಪಾದ ನೋಡಿ. ಕಿವಿಯ ಹಿಂದೆ ಕಾಲ್ಬೆರಳು ಒತ್ತುತ್ತಾನೆ, ಆನೆ ತಿರುಗುತ್ತದೆ. ಅವನು ಕೆಳಗೆ ನೋಡುವುದೂ ಇಲ್ಲ.